ಎಪ್ಪತ್ತೊಂದನೆಯ ಪುಟ

ಬಿಷಪ್ಪರ ಕೈಬರಹ ದೇವರಿಗೇ ಪ್ರೀತಿ. ಕಾಗೆ ಕಾಲು, ಗುಬ್ಬಿ ಕಾಲು ಎನ್ನುತ್ತಾರಲ್ಲ, ಅದಾದರೂ ವಾಸಿ. ಅದನ್ನು ಓದಬಲ್ಲವಳು ಲೋಕದಲ್ಲಿ ಒಬ್ಬಳೇ, ಅವರ ಟೈಪಿಸ್ಟು. ಬಿಷಪ್ಪರ ಮನೆಯ ಅಡುಗೆಯವನು ಅವಳಿಗೆ ಟಕಟಕಮ್ಮ ಎಂದು ಹೆಸರಿಟ್ಟ, ಅದೇ ಅಂಟಿಕೊಂಡಿತು.

ಇಪ್ಪತ್ತೊಂದರ ವಯಸ್ಸಿನಲ್ಲಿ ಮೆಟ್ಟಿಲ ಕೆಳಗಿನ ಕೋಣೆಗೆ ಬಂದು ಕೂತವಳು ಮೂವತ್ತು ವರ್ಷ ಅಲ್ಲೇ ಕೂತಳು. ಒಂದು ಕಿಟಕಿ, ಒಂದು ಮೇಜು, ಜೋರಾಗಿ ಒತ್ತಿದರೆ ಸಿಕ್ಕಿಕೊಳ್ಳುವ ಟೈಪ್‌ರೈಟರು. ದೇವತಾಶಾಸ್ತ್ರದಲ್ಲಿ ದೊಡ್ಡ ಹೆಸರಾಗಿದ್ದ ಬಿಷಪ್ಪರು ಮಹಡಿಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಅಂದಾಜಿನ ಮೇಲೆ ಒಂದಕ್ಷರವನ್ನೂ ಹೊಡೆಯಕೂಡದು, ತಿಳಿಯದಿದ್ದರೆ ಮೇಲೆ ಬಂದು ಕೇಳಬೇಕು ಎಂಬುದು ಅವರ ಕಟ್ಟಪ್ಪಣೆ. ಹತ್ತಿ ಹೋಗಿ ಕೇಳಿದರೆ ಅವರಿಗೇ ತಿಳಿಯುತ್ತಿರಲಿಲ್ಲ. ಹಾಳೆಯನ್ನು ಅತ್ತ ಇತ್ತ ತಿರುಗಿಸಿ, “ನೀನೇ ಹೇಳಮ್ಮ, ನಾನೇನು ಬರೆದಿದ್ದೀನಿ?” ಎಂದು ನಗುತ್ತಿದ್ದರು. ಒಳ್ಳೆಯ ಮನುಷ್ಯ. ಅದೇ ಅವಳ ಕಷ್ಟವಾಗಿತ್ತು.

ಅವಳು ಮೊದಲು ಟೈಪು ಮಾಡಿದ ಪುಸ್ತಕದ ಎಪ್ಪತ್ತೊಂದನೆಯ ಪುಟದಲ್ಲಿ ಒಂದು ಸಾಲಿತ್ತು: ‘ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳು ದೇವರ ಮುಖವನ್ನು ಎಂದಿಗೂ ಕಾಣಲಾರವು.’ ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆದು ಅವಳು ಊಟಕ್ಕೆ ಎದ್ದು ಹೋದಳು. ಆಗಿನ್ನೂ ಮದುವೆಯೂ ಆಗಿರಲಿಲ್ಲ.

ಮೂರು ವರ್ಷಕ್ಕೆ ಅವಳಿಗೊಂದು ಗಂಡು ಮಗು ಹುಟ್ಟಿತು. ಹುಟ್ಟಿತು ಎನ್ನುವುದು ಬಾಯಿಮಾತಿಗೆ. ಅದು ಅಳಲೇ ಇಲ್ಲ. ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡಲು ಜೀವವೇ ಇರಲಿಲ್ಲ. ಬಸ್ ಡ್ರೈವರನಾಗಿದ್ದ ಅವಳ ಗಂಡ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ಚರ್ಚಿನ ಸ್ಮಶಾನಕ್ಕೆ ಹೋದ. ಅಲ್ಲಿನ ಫಾದರ್ ಕೆಟ್ಟವರೇನಲ್ಲ, ಕಣ್ಣಲ್ಲಿ ನೀರಿತ್ತು. ಆದರೆ ಕೈಯಲ್ಲಿ ಆ ಪುಸ್ತಕವೂ ಇತ್ತು. “ನಾನೇನು ಮಾಡ್ಲಿ ಹೇಳಿ, ಬಿಷಪ್ಪರೇ ಬರೆದಿದ್ದಾರೆ” ಎಂದರು. ಮಗುವನ್ನು ಗೋಡೆಯ ಹೊರಗೆ, ರಸ್ತೆಯ ಬದಿಯಲ್ಲಿ ಮಣ್ಣು ಮಾಡಿದರು. ಮುಂದೆ ಗಂಡನೂ ತೀರಿಕೊಂಡ. ಅವನಿಗೆ ಒಳಗೆ ಜಾಗ ಸಿಕ್ಕಿತು, ಕಲ್ಲಿನ ಶಿಲುಬೆಯೂ ಸಿಕ್ಕಿತು. ಅಪ್ಪ ಒಳಗೆ, ಮಗ ಹೊರಗೆ.

ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಆದರೂ ಕೆಲಸ ಬಿಡಲಿಲ್ಲ. ಪಾಪ, ಹೊಟ್ಟೆಪಾಡು ಎಂದು ಜನ ಅಂದುಕೊಂಡರು. ನಿಜವಾಗಿ ಅವಳು ಕಾಯುತ್ತಿದ್ದಳು. ಬಿಷಪ್ಪರು ಮತ್ತೆ ಒಂಬತ್ತು ಪುಸ್ತಕ ಬರೆದರು. ಮಹಡಿಯಿಂದ ಹೊಸ ಕಟ್ಟು ಇಳಿದು ಬಂದಾಗಲೆಲ್ಲ, ಆ ಮಾತನ್ನು ಎಲ್ಲಾದರೂ ಹಿಂದಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು ಮೊದಲು ಹುಡುಕುತ್ತಿದ್ದಳು. ಕ್ಷಮೆಯ ಬಗ್ಗೆ ನಾನೂರು ಪುಟ ಬರೆದ ಪುಣ್ಯಾತ್ಮ ಆ ಒಂದು ಸಾಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಹೇಳಬೇಕೆಂದೇ ಮೆಟ್ಟಿಲು ಹತ್ತುತ್ತಿದ್ದಳು, ಯಾವುದೋ ಒಂದಕ್ಷರ ಕೇಳಿಕೊಂಡು ಇಳಿದು ಬರುತ್ತಿದ್ದಳು.

ಕೊನೆಗೆ ಅವರ ಎಲ್ಲ ಪುಸ್ತಕಗಳನ್ನೂ ತಿದ್ದಿ ಒಟ್ಟಿಗೆ ಅಚ್ಚು ಹಾಕುವುದೆಂದಾಯಿತು. ಬಿಷಪ್ಪರು ಹಾಸಿಗೆ ಹಿಡಿದಿದ್ದರು. ಅವಳು ಪಕ್ಕದಲ್ಲಿ ಕೂತು ಓದುವುದು, ಅವರು ತಿದ್ದುಪಡಿ ಹೇಳುವುದು. ಆ ಹಳೆಯ ಪುಸ್ತಕದ ಎಪ್ಪತ್ತೊಂದನೆಯ ಪುಟಕ್ಕೆ ಬಂದು ಅವಳು ನಿಂತಳು.

“ಏನಮ್ಮ, ಕನ್ನಡಕ ಮರೆತು ಬಂದ್ಯಾ?”

“ಇಲ್ಲ ಸ್ವಾಮಿ. ನನ್ನ ಮಗ ಗೋಡೆಯಾಚೆ ಇದ್ದಾನೆ. ಇಪ್ಪತ್ತೇಳು ವರ್ಷ ಆಯ್ತು. ಈ ಸಾಲಿನಿಂದ.”

ಬಿಷಪ್ಪರು ಕೈ ಚಾಚಿದರು. “ಆ ಹಾಳೆ ಕಿತ್ತು ಇಲ್ಲಿ ಕೊಡು.” ಅಷ್ಟೇ. ಒಂಬತ್ತನೆಯ ದಿನ ತೀರಿಕೊಂಡರು.

ಅಂತ್ಯಕ್ರಿಯೆ ಮುಗಿದ ಮೇಲೆ, ಅವರ ಕಾರ್ಯದರ್ಶಿಯಾಗಿದ್ದ ಫಾದರ್ ಅವಳನ್ನು ಕರೆಸಿದರು. ಕಟ್ಟಿನಲ್ಲಿ ಎಪ್ಪತ್ತೊಂದನೆಯ ಪುಟ ಇತ್ತು. ಆ ಸಾಲನ್ನು ಬಿಷಪ್ಪರು ಪೆನ್ಸಿಲಿನಿಂದ ಹೊಡೆದುಹಾಕಿದ್ದರು. ಅದಕ್ಕೆ ಪಿನ್ ಮಾಡಿದ್ದ ಬಿಳಿ ಹಾಳೆಯಲ್ಲಿ ಐದು ಸಲ ಬರೆಯಲು ಶುರುಮಾಡಿ ಐದು ಸಲವೂ ಹೊಡೆದುಹಾಕಿದ್ದರು. ಕೆಳಗಿನ ಸಾಲು ಮಾತ್ರ ಉಳಿದಿತ್ತು.

“ನಂಗಂತೂ ತಲೆಬುಡ ತಿಳೀಲಿಲ್ಲ. ಏನಿದೆಯಮ್ಮ?” ಎಂದರು ಫಾದರ್. “ಹೊಸ ಮಾತು ಪೂರ್ತಿ ಇದ್ರೆ ಹಾಕೋಣ. ಇಲ್ಲಾಂದ್ರೆ ಹಳೇದೇ ಇರಲಿ.”

ಅವಳು ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಏನು ಹೇಳಿದರೂ ನಡೆಯುತ್ತಿತ್ತು. ಆ ಮಕ್ಕಳು ದೇವರ ಮಡಿಲಲ್ಲಿವೆ ಎಂದರೆ ಅದೇ ಅಚ್ಚಾಗುತ್ತಿತ್ತು, ಅಲ್ಲವೆನ್ನಲು ಯಾರಿಗೆ ಓದಲು ಬರುತ್ತಿತ್ತು? ಆದರೆ ಅದು ಅವಳದೇ ಮಾತಾಗುತ್ತಿತ್ತು. ತಾಯಿಯ ಮಾತು ಮಗುವಿಗೆ ಮೊದಲೇ ಗೊತ್ತು. ಅವಳು ಕಾದದ್ದು ಅವರ ಮಾತಿಗಾಗಿ.

“‘ನನಗೆ ತಿಳಿಯದು. ತಿಳಿದವನಂತೆ ಬರೆದೆ.’ ಇಷ್ಟೇ ಇದೆ ಫಾದರ್.”

ಫಾದರ್ ಮುಖ ಸಣ್ಣದು ಮಾಡಿದರು. “ಜ್ವರದಲ್ಲಿ ಬರೆದಿರ್ಬೇಕು. ಅಂಥಾ ವಿದ್ವಾಂಸರು ‘ತಿಳಿಯದು’ ಅಂದ್ರು ಅಂತ ಅಚ್ಚು ಹಾಕೋಕಾಗುತ್ತಾ? ಹಳೇದೇ ಇರ್ಲಿ ಬಿಡಿ.”

ಅವಳು ವಾದಿಸಲಿಲ್ಲ. ಪುಟವನ್ನೆಲ್ಲ ಟೈಪು ಮಾಡಿ, ಒಂದು ಸಾಲಿನ ಜಾಗ ಬಿಟ್ಟು ಎದ್ದಳು. “ಇದೊಂದನ್ನು ನೀವೇ ಹೊಡೀರಿ. ನಾನು ಒಂದು ಸಲ ಹೊಡೆದಾಗಿದೆ.” ಅವರು ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಹೊಡೆದರು. ಅವಳು ಆ ಬಿಳಿ ಹಾಳೆಯನ್ನು ಕೇಳಿದಳು. ಯಾರಿಗೂ ಓದಲು ಬಾರದ ಹಾಳೆ ತಾನೇ, ಕೊಟ್ಟರು.

ಅಂದು ಮಧ್ಯಾಹ್ನ ಸ್ಮಶಾನದ ಗೇಟಿನೊಳಗೆ ಹೋಗದೆ, ಗೋಡೆಯ ಹೊರಬದಿಗೇ ನಡೆದಳು. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಮಂಡಿಯೂರಿ ಕೂತು, ಬಾಯಿಪಾಠವಾಗಿದ್ದರೂ ಕನ್ನಡಕ ಹಾಕಿಕೊಂಡು ಹಾಳೆ ಬಿಡಿಸಿದಳು. ಇಪ್ಪತ್ತೇಳು ವರ್ಷ ತಡೆದಿಟ್ಟ ಅಳು ನುಗ್ಗಿ ಬಂದು, ಓದಲಾಗಲಿಲ್ಲ.

“ಮಗಾ,” ಎಂದಳು, “ಅವರಿಗೂ ಗೊತ್ತಿರಲಿಲ್ವಂತೆ ಕಣೋ.”