ಯಾರ್ಡಿನ ಕೆಮ್ಮು

ಗುಂಟೂರಿನ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ತೊಟ್ಟು ಮುರಿಯುವ ಹೆಂಗಸರು, ಮೂಟೆ ಹೊರುವವರು, ದಲಾಲರು, ಎಲ್ಲರೂ ಕೆಮ್ಮುತ್ತಾರೆ. ಹೊಸಬರು ಸೀನಿ ಸೀನಿ ಕಣ್ಣೊರೆಸಿಕೊಂಡರೆ ನಾವು ನಗುತ್ತೇವೆ. ನಾನು ಅತ್ತಿಗೆ ಎಂದು ಕರೆಯುವ, ನಮ್ಮದೇ ಓಣಿಯ ವಜ್ರಮ್ಮ ಮದುವೆಯಾದಾಗಿನಿಂದ ಇಲ್ಲಿ ನನ್ನ ಪಕ್ಕದ ರಾಶಿಗೆ ಕೂರುವವಳು. ಅವಳ ಎದೆಯಿಂದ ಸುಂಯ್ ಎಂದು ಸದ್ದು ಬರತೊಡಗಿದಾಗಲೂ ಅದನ್ನು ಘಾಟಿನ ತಲೆಗೇ ಕಟ್ಟಿದೆವು.

ಮಗಳು ತೀರಿಕೊಂಡ ಮೇಲೆ ಮೊಮ್ಮಗಳು ಕೆಜಿಯಾಳನ್ನು ಸಾಕುವುದೂ ವಜ್ರಮ್ಮನ ಪಾಲಿಗೆ ಬಂತು. ಎಂಟು ವರ್ಷದ ಆ ಹುಡುಗಿಯೂ ಕೆಮ್ಮತೊಡಗಿದಾಗ, "ನನ್ನ ಸೀರೆಯಲ್ಲೇ ಖಾರ ಮನೆಗೆ ಬರುತ್ತೆ ಕಣೇ" ಎಂದು ಹಿತ್ತಲಲ್ಲೇ ಸೀರೆ ಬದಲಿಸಿ ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಕೆಮ್ಮು ಹೋಗಲಿಲ್ಲ. ಆಸ್ಪತ್ರೆಯಲ್ಲಿ ಇಬ್ಬರಿಗೂ ಉಬ್ಬಸ ಎಂದರು. ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆಯಲು ನೀಲಿ ಪಂಪು, ದಿನವೂ ತಪ್ಪದೆ ಎಳೆಯಲು ಕಂದು ಪಂಪು ಕೊಟ್ಟರು. ನೀಲಿ ಎಳೆದರೆ ಸ್ವಲ್ಪ ಹೊತ್ತಿಗೇ ಎದೆ ಹಗುರ. ಕಂದು ಎಳೆದರೆ ಏನೂ ಗೊತ್ತಾಗುವುದಿಲ್ಲ. ಗೊತ್ತೇ ಆಗದ ಔಷಧಿಯನ್ನು ನಮ್ಮ ಓಣಿಯಲ್ಲಿ ಯಾರು ನಂಬುತ್ತಾರೆ? ಕಂದು ಪಂಪುಗಳು ಗೋಡೆಯ ಗೂಡು ಸೇರಿದವು. ಡಾಕ್ಟರು ಪ್ರತಿ ಸಲ "ಹೇಗಿದೀರಮ್ಮ?" ಎನ್ನುವರು, ಇವಳು "ಚೆನ್ನಾಗಿದೀವಿ ಸಾರ್" ಎನ್ನುವಳು, ಸಾಲು ಮುಂದೆ ಹೋಗುವುದು.

ಬೇಸಿಗೆಗೆ ಯಾರ್ಡಿಗೆ ರಜೆ ಬಿಟ್ಟರು. ಕೆಲವೇ ದಿನಗಳಲ್ಲಿ ಓಣಿಯ ಕೆಮ್ಮೆಲ್ಲ ಇಳಿಯಿತು. ಮಧ್ಯಾಹ್ನ ಬಿಸಿಲಿಗೆ ಎಲ್ಲರೂ ಮಲಗಿದ್ದಾಗ ವಜ್ರಮ್ಮನ ಮನೆಯಿಂದ ಮಾತ್ರ ಕೆಮ್ಮು ಕೇಳುತ್ತಿತ್ತು, ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು. ಎದ್ದು ಹೋದೆ.

"ಅತ್ತಿಗೆ, ಯಾರ್ಡ್ ಮುಚ್ಚಿದೆ. ನನ್ನ ಕೆಮ್ಮು ನಿಂತೇ ಹೋಯ್ತು. ನಿಮ್ಮನೇದು ಯಾಕೆ ನಿಂತಿಲ್ಲ?"

"ಹಳೇ ಖಾರ ಒಳಗೇ ಕೂತಿರುತ್ತೆ ಕಣೇ."

"ಕೆಜಿಯಾ ಯಾವತ್ತು ಬಂದು ತೊಟ್ಟು ಮುರಿದಿದ್ಲು?"

ಅವಳು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು. "ಮತ್ತೆ ಆ ಸಾಲಲ್ಲಿ ನಿಲ್ಲೋ ಶಕ್ತಿ ನನಗಿಲ್ಲ."

"ಸಾಲಲ್ಲಿ ನಾನು ನಿಲ್ತೀನಿ, ನೀನು ಕೂತ್ಕೋ. ಏಳು ಮೊದ್ಲು."

ಆ ದಿನ ಹೊಸ ಡಾಕ್ಟರಮ್ಮ ಇದ್ದಳು. ಅಜ್ಜಿಯನ್ನು ಬಿಟ್ಟು ಹುಡುಗಿಯನ್ನೇ ಕೇಳಿದಳು. "ಶಾಲೇಲಿ ಏನಾಟ ಆಡ್ತೀರ ಪುಟ್ಟಾ?"

"ಕಬಡ್ಡಿ ಆಡ್ತಾರೆ. ನಾನು ಎಲ್ಲರ ಚಪ್ಪಲಿ ಕಾಯ್ತೀನಿ."

"ಇವಳು ಮೆತ್ತಗಿನ ಮಗು ಡಾಕ್ಟ್ರೇ," ಎಂದಳು ವಜ್ರಮ್ಮ. "ಓಡಾಟ, ಕೂಗಾಟ ಇಷ್ಟ ಇಲ್ಲ." ಓಣಿಯ ತುಂಬ ಇದನ್ನೇ ಹೇಳಿ ಹಿಗ್ಗುತ್ತಿದ್ದವಳು ಅವಳು.

"ಇಷ್ಟ ಇದೆ ಅಮ್ಮಮ್ಮ," ಎಂದಳು ಕೆಜಿಯಾ. "ಓಡಿದ್ರೆ ಎದೆ ಹಿಡ್ಕೊಳ್ಳುತ್ತೆ. ಆಮೇಲೆ ನೀನು ಕೆಲಸ ಬಿಟ್ಟು ಬರ್ಬೇಕಾಗುತ್ತಲ್ಲ."

ವಜ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ಬೈಯಲಿಲ್ಲ. ಅಜ್ಜಿ ರಾತ್ರಿ ಹೇಗೆ ಮಲಗುತ್ತಾಳೆ ಎಂದು ಕೇಳಿದಳು; ಗೋಡೆಗೆ ಒರಗಿಕೊಂಡೇ ಎಂದೆ ನಾನು. ಉಸಿರು ಕಟ್ಟುತ್ತದೆಂದು ಆಟ ಬಿಡುವುದೂ, ಒರಗಿಕೊಂಡೇ ನಿದ್ದೆ ಮಾಡುವುದೂ ಕಾಯಿಲೆ ಹತೋಟಿಯಲ್ಲಿಲ್ಲ ಎಂಬುದರ ಗುರುತೇ ಎಂದಳು. ಕಂದು ಪಂಪು ಎಳೆದಾಗ ಗೊತ್ತಾಗುವುದಿಲ್ಲ, ಎದೆಯೊಳಗಿನ ಊತ ಇಳಿಯಲು ವಾರಗಳೇ ಬೇಕು, ಚೆನ್ನಾಗಿದ್ದಾಗಲೂ ಬಿಡಬಾರದು ಎಂದು ಇಬ್ಬರಿಗೂ ಬಿಡಿಸಿ ಹೇಳಿದಳು.

ಯಾರ್ಡು ತೆರೆಯಿತು. ಈಗ ಬೆಳಿಗ್ಗೆ ಜಡೆ ಹೆಣೆದ ಮೇಲೆ ಕೆಜಿಯಾ ಕಂದು ಪಂಪು ಎಳೆದು, ಬಾಯಿ ಮುಕ್ಕಳಿಸಿಯೇ ಶಾಲೆಗೆ ಹೊರಡಬೇಕು. ಮಳೆ ಹಿಡಿಯುವ ಹೊತ್ತಿಗೆ ಹುಡುಗಿ ಕಬಡ್ಡಿ ಆಡಿ ಮಂಡಿ ತರಚಿಕೊಂಡು ಮನೆಗೆ ಬಂದಳು. ಮೊಮ್ಮಗಳಿಗೆ ಬಹುಮಾನ ಬಂದ ಹಾಗೆ ವಜ್ರಮ್ಮ ಅದನ್ನು ನನಗೆ ಹೇಳಿದಳು. ಹೇಳುವಾಗ ಅವಳ ಎದೆ ಸುಂಯ್ ಎನ್ನುತ್ತಲೇ ಇತ್ತು.

"ನಿನ್ನ ಪಂಪು ನೀನು ಎಳೀತಿದೀಯಾ?" ಎಂದೆ.

ಅವಳು ರಾಶಿಯಿಂದ ಇನ್ನೊಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡಳು.

"ನಾನು ಎಲ್ಲಿಗೆ ಓಡ್ಬೇಕಾಗಿದೆ, ಬಿಡು."