ಹಿರಿಯರ ಹಬ್ಬಕ್ಕೆ ಬಂದ ಅರಿಶಿನದ ಪತಂಗ

ಹಾಸ್ಟೆಲಿಗೆ ಟ್ರಂಕು ತುಂಬುವಾಗ ನನ್ನ ಹಳೆಯ ಭೂತಗನ್ನಡಿ ಸಿಕ್ಕಿತು. ಹಿಡಿಯಲ್ಲಿ ಇನ್ನೂ ಎಳ್ಳು ಬೆಲ್ಲದ ಅಂಟು... ಪಕ್ಕದ ಮನೆ ಅಜ್ಜಿ ಕೊಟ್ಟ ಚಿಗಳಿ ತಿಂದ ಕೈಯಲ್ಲೇ ಅದನ್ನು ಹಿಡಿದಿದ್ದೆ.

ಒಂಬತ್ತನೇ ಕ್ಲಾಸಿನಲ್ಲಿ ನಾನು ತುರುವೇಕೆರೆ ತಾಲ್ಲೂಕಿಗೆಲ್ಲ ಒಬ್ಬನೇ ಪತಂಗತಜ್ಞ. ಹಾಗಂತ ನಾನೇ ಸಾರಿಕೊಂಡಿದ್ದೆ. ಬಂಡವಾಳ ಈ ಕನ್ನಡಿ, ಮತ್ತು ಲೈಬ್ರರಿ ಪುಸ್ತಕದ ಒಂದೂವರೆ ಪುಟ. ರೆಕ್ಕೆ ಹರಡಿ ಕೂತರೆ ಪತಂಗ; ಮೀಸೆ ಗರಿಯಂತಿದ್ದರೆ ಗಂಡು, ದಾರದಂತಿದ್ದರೆ ಹೆಣ್ಣು. ಇಷ್ಟಕ್ಕೇ ಲೈಟುಕಂಬದ ಹುಳಗಳೆಲ್ಲ ನನ್ನನ್ನು ಕಂಡರೆ ಎದ್ದು ನಿಲ್ಲುತ್ತವೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಹಿರಿಯರ ಹಬ್ಬದ ದಿನ ಅಜ್ಜಿ ಕರೆದರು. ಆ ವರ್ಷವೇ ಸತ್ತ ಗಂಡನಿಗೆ ಎಡೆ ಇಟ್ಟಿದ್ದರು. ಪಕ್ಕದಲ್ಲಿ ಇನ್ನೊಂದು ಎಲೆ, ಅದರ ತುಂಬ ಚಿಗಳಿ... ಅದು ಮಗಳಿಗೆ. ಇಷ್ಟಪಟ್ಟವನನ್ನು ಮದುವೆಯಾದಳೆಂದು ಅಜ್ಜ ಅವಳಿಗೆ ಮತ್ತೆ ಹೊಸಿಲು ತುಳಿಯಲು ಬಿಟ್ಟಿರಲಿಲ್ಲ. ಹೆರಿಗೆಯಲ್ಲಿ ಅವಳು ಸತ್ತಾಗ ಅಜ್ಜಿಯನ್ನೂ ಕಳಿಸಿರಲಿಲ್ಲ.

ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಆಮೇಲೆ ತೆರೆದರೆ, ಕೊಬ್ಬರಿ ಅಟ್ಟದ ಕೆಳಗೆ ಗೋಡೆಯ ಮೇಲೆ ಪತಂಗ ಕೂತಿತ್ತಂತೆ. ಅಂಗೈಯಗಲ. (ಸ್ಕೂಲಿನಲ್ಲಿ ಹೇಳುವಾಗ ಮೊರದಗಲ ಮಾಡಿದ್ದೆ.) ಅರಿಶಿನದ ಬಣ್ಣ, ದಪ್ಪ ಹೊಟ್ಟೆ, ಒಂದೊಂದು ರೆಕ್ಕೆಯ ಮೇಲೂ ಗಾಜಿನಂಥ ಕಣ್ಣು.

“ಎಡೆಗ್ ಬಂದಿರೋದು ಗಂಡೋ ಹೆಣ್ಣೋ, ಸರ್ಯಾಗಿ ನೋಡ್ಲಾ ಮಗ.”

ಡಾಕ್ಟರ ಗತ್ತಿನಲ್ಲಿ ಎರಡು ಸಲ ಕೆಮ್ಮಿ ಕನ್ನಡಿ ಹಿಡಿದೆ. ಮೀಸೆ ಗರಿಯಂತಿತ್ತು.

“ಗಂಡೇ ಕಣಜ್ಜಿ. ಮೀಸೆ ನೋಡು, ಅಜ್ಜಂದೇ ಅಳತೆ.”

ಅಜ್ಜಿ ನಗಲಿಲ್ಲ. ಮಗಳ ಎಲೆಯನ್ನೇ ನೋಡುತ್ತ ನಿಂತರು.

“ಸತ್ತ್ ಮೇಲೂ ಅವ್ಳನ್ನ ಒಳಕ್ಕೆ ಬುಡ್ಲಿಲ್ವಲ್ಲ...”

ಪೊರಕೆ ತಂದು ಪತಂಗವನ್ನು ಹೊರಕ್ಕೆ ತಳ್ಳಿದರು. ಆ ಎಲೆಯನ್ನು ಮಡಚಿ ಹಸುವಿನ ಮುಂದಿಟ್ಟರು.

ನಾಲ್ಕು ದಿನದ ಮೇಲೆ, ಅಟ್ಟದಿಂದ ಕೊಬ್ಬರಿ ಇಳಿಸುವವರಿಗೆ ಏಣಿ ಹಿಡಿಯಲು ಹೋದೆ. ಪತಂಗ ಕೂತಿದ್ದ ಜಾಗದಲ್ಲಿ ಮೊಟ್ಟೆಗಳ ಸಾಲು ಕಂಡಿತು. ಏಣಿ ಬಿಟ್ಟು ಓಡಿ, ಪುಸ್ತಕದ ಉಳಿದರ್ಧ ಪುಟ ಓದಿದೆ. ಆ ಜಾತಿಯಲ್ಲಿ ಹೆಣ್ಣಿಗೂ ಗರಿಮೀಸೆ ಇರುತ್ತದೆ, ಕೊಂಚ ಸಣ್ಣದು. ಹೊಟ್ಟೆ ದಪ್ಪ. ಬಣ್ಣ ಹಳದಿ.

ಹೇಳಬೇಕು ಅಂದುಕೊಂಡೆ. ಆದರೆ ತಜ್ಞನ ಮರ್ಯಾದೆ... ನಾಳೆ ಹೇಳೋಣ, ನಾಡಿದ್ದು ಹೇಳೋಣ. ಮುಂದಿನ ಹಬ್ಬದೊಳಗೆ ಅಜ್ಜಿಯೇ ಹೋದರು.

ಈಗ ಆ ಮನೆಯಲ್ಲಿ ಅವರ ಮೈದುನನ ಮಗ ಎಡೆ ಇಡುತ್ತಾನೆ. ಅಜ್ಜನಿಗೊಂದು, ಅಜ್ಜಿಗೊಂದು. ಗೋಡೆಗೆ ಸುಣ್ಣ ಬಳಿದಿದ್ದಾರೆ. ಮೊಟ್ಟೆಗಳಿದ್ದ ಜಾಗ ನನಗೊಬ್ಬನಿಗೇ ಗೊತ್ತು. ಹಬ್ಬದ ದಿನ ಅವರು ಬಾಗಿಲು ಮುಚ್ಚುವವರೆಗೂ ಜಗಲಿಯಲ್ಲಿ ಕೂತು ಹರಟುತ್ತೇನೆ. ತೆರೆಯುವ ಮೊದಲೇ ಎದ್ದು ಬಂದುಬಿಡುತ್ತೇನೆ.