ಮೂರು ಗಂಟೆಯ ಗಾಳಿ

ಬಾಯಮ್ಮನ ಹತ್ತು ಬೆರಳುಗಳ ತುದಿಯಲ್ಲೂ ಗೆರೆಗಳಿರಲಿಲ್ಲ. ಗೇರುಬೀಜದ ಚಿಪ್ಪಿನ ಎಣ್ಣೆ ತಾಗಿ ತಾಗಿ ಚರ್ಮ ಕಪ್ಪಾಗಿ, ಸುಲಿದು, ಮತ್ತೆ ಬೆಳೆದು, ಕೊನೆಗೆ ಅರೆಯುವ ಕಲ್ಲಿನ ಹಾಗೆ ನುಣ್ಣಗಾಗಿಬಿಟ್ಟಿತ್ತು. ಆಧಾರ್ ಕಾರ್ಡಿಗೆಂದು ಪಂಚಾಯತು ಆಫೀಸಿಗೆ ಹೋದಾಗ ಯಂತ್ರ ಅವರ ಬೆರಳನ್ನು ಒಪ್ಪಲೇ ಇಲ್ಲ. ಅಲ್ಲಿದ್ದ ಹುಡುಗಿ ಒರೆಸಿದಳು, ಒದ್ದೆ ಮಾಡಿಸಿದಳು, ಒತ್ತಿ ಹಿಡಿದಳು, ಕೊನೆಗೆ ಸೋತಳು. ಬಾಯಮ್ಮ ನನ್ನ ಕಡೆ ತಿರುಗಿ, "ನಾನು ಇಲ್ವೇ ಇಲ್ಲ ಅಂತ ಹೇಳ್ತದೆ ಮಾರಾಯ್ತಿ ಈ ಮಿಷನು" ಎಂದು ನಕ್ಕರು. ನಗು ಅರ್ಧಕ್ಕೆ ಕೆಮ್ಮಾಯಿತು.

ವರ್ಕಾಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಕಂಪಣ, ಮಣ್ಣಿನ ಗಿಡ್ಡ ಗೋಡೆ, ಅದರಲ್ಲಿ ದಾಟಲು ಒಂದು ಸಂದು. ಅವರ ಮನೆಮಾತು ಕೊಂಕಣಿ, ನಮ್ಮದು ಕನ್ನಡ; ಜಗಳ ಬಂದರೆ ಇಬ್ಬರಿಗೂ ತುಳು. ಊರಿನ ಗೇರುಬೀಜ ಕಾರ್ಖಾನೆಯಲ್ಲಿ ಚಿಪ್ಪು ಒಡೆಯುವ ಕೋಣೆಯ ಮೇಸ್ತ್ರಿ ಅವರು. ಎಂಬತ್ತು ಹೆಂಗಸರು ನೆಲದ ಮೇಲೆ ಕೂತು, ಕೈಗೆ ಬೂದಿ ಹಚ್ಚಿಕೊಂಡು, ಮರದ ಕೊಡತಿಯಿಂದ ಹುರಿದ ಬೀಜ ಒಡೆಯುವ ಕೋಣೆ ಅದು. ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿತು ಕೂತಿದ್ದ ನನಗೆ ಅದೇ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಕೊಡಿಸಿದ್ದು ಅವರೇ. ಧಣಿಗಳ ಎದುರು ನಿಂತು, "ಒಳ್ಳೆ ಹುಡುಗಿ, ಸುಳ್ಳು ಹೇಳುದಿಲ್ಲ" ಎಂದಿದ್ದರು. ಆ ಮಾತು ಈಗ ನೆನಪಾದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಅವರ ಸೊಂಟದಲ್ಲಿ ಯಾವಾಗಲೂ ಒಂದು ಸ್ಟೀಲಿನ ಚಮಚ. ಎಷ್ಟು ತೊಳೆದರೂ ಕೈಯ ಎಣ್ಣೆ ತುಟಿ ಸುಡುತ್ತದೆಂದು ಗಂಜಿಯನ್ನೂ ಅದರಲ್ಲೇ ಉಣ್ಣುತ್ತಿದ್ದರು. ಉಳಿದ ಹೆಂಗಸರು "ದೊರೆಸಾನಿ ಊಟಕ್ಕೆ ಕೂತ್ರು" ಎಂದು ತಮಾಷೆ ಮಾಡುತ್ತಿದ್ದರು. ಚಮಚ ತರುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ. ಬೀಜ ತುಂಡಾಗದೆ ಇಡಿಯಾಗಿ ಬರಬೇಕೆಂಬುದು ಅವರ ಕೋಣೆಯ ನಿಯಮ. ಅದೇ ಅಭ್ಯಾಸ ಮಾತಿಗೂ ಹತ್ತಿತ್ತು. ಯಾರಾದರೂ ಏನನ್ನಾದರೂ ಮುಚ್ಚಿಟ್ಟು ಹೇಳಿದರೆ, "ಇಡೀ ಹೇಳು. ತುಂಡು ನನಗೆ ಬೇಡ" ಎನ್ನುತ್ತಿದ್ದರು.

ಅವರಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ: ಹುರಿಯುವ ಶೆಡ್ಡಿನ ಹೊಗೆಕೊಳವೆ ಹತ್ತು ಅಡಿ ಮೇಲೇರಬೇಕು. ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಸಮುದ್ರದ ಕಡೆಗೆ ಬೀಸುತ್ತದೆ. ಹೊಗೆ ತನ್ನ ಪಾಡಿಗೆ ತಾನು ಹೋಗುತ್ತದೆ. ಮಧ್ಯಾಹ್ನ ಕಳೆದು ಸುಮಾರು ಮೂರು ಗಂಟೆಗೆ ಗಾಳಿ ತಿರುಗುತ್ತದೆ. ಆಗ ಗಿಡ್ಡ ಕೊಳವೆಯ ಹೊಗೆಯೆಲ್ಲ ಬಗ್ಗಿ, ಚಿಪ್ಪು ಒಡೆಯುವ ಕೋಣೆಗೇ ನುಗ್ಗುತ್ತದೆ. ಗೇರುಚಿಪ್ಪಿನ ಹೊಗೆ ಸಾಮಾನ್ಯ ಹೊಗೆಯಲ್ಲ. ಕಣ್ಣಿಗೆ ಮೆಣಸು, ಗಂಟಲಿಗೆ ಗರಗಸ. ಗಾಳಿ ತಿರುಗಿತೆಂದರೆ ಎಂಬತ್ತು ಹೆಂಗಸರೂ ಒಟ್ಟಿಗೆ ಸೆರಗನ್ನು ಮೂಗಿಗೆ ಏರಿಸುತ್ತಿದ್ದರು. ಬಾಯಮ್ಮ ವರ್ಷ ವರ್ಷವೂ ಧಣಿಗಳಲ್ಲಿ ಕೇಳುವುದು, ಅವರು "ನೋಡುವ" ಎನ್ನುವುದು ನಡೆದೇ ಇತ್ತು.

ಎರಡು ಸಾವಿರದ ಹತ್ತರ ಸುಮಾರಿಗೆ ಬೀಜ ಕೊಳ್ಳುವ ವಿದೇಶದವರು ಹೊಸ ಕರಾರು ಹಾಕಿದರು. ಕಾರ್ಖಾನೆ ಪರಿಸರಕ್ಕೂ ಕೆಲಸದವರಿಗೂ ಹಾನಿ ಮಾಡದೆ ನಡೆಯುತ್ತಿದೆ ಎಂದು ಆಡಿಟರ್ ಬಂದು ನೋಡಿ ಕೊಡುವ ಸರ್ಟಿಫಿಕೇಟು ಬೇಕು, ಇಲ್ಲದಿದ್ದರೆ ಬೀಜ ಬೇಡ. ಧಣಿಗಳು ಮಂಗಳೂರಿನಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಅವನ ಮೊದಲ ಮಾತೇ "ಎಲ್ಲ ಕಾಣುವ ಹಾಗೆ ಇರಬೇಕು" ಎಂದಾಗಿತ್ತು. ಗೇಟಿನಿಂದ ಆಫೀಸಿನ ತನಕ ನರ್ಸರಿಯಿಂದ ಎರಡು ದಿನದ ಬಾಡಿಗೆಗೆ ಹೂಕುಂಡಗಳು ಬಂದವು. ಕೈಗವಸು ಬಂತು, ಅದನ್ನು ಹಾಕಿಕೊಂಡರೆ ಬೀಜವೂ ಹಿಡಿಯಲಾಗದು, ಕೊಡತಿಯೂ ಹಿಡಿಯಲಾಗದು. ನಡೆಯದ ತರಬೇತಿಯ ರಿಜಿಸ್ಟರಿಗೆ ಹೆಂಗಸರ ಸಹಿ ಹಾಕಿಸಿದವಳು ನಾನು. ಗೋಡೆಗೆ ಹಚ್ಚಿದ ಬೋರ್ಡಿನಲ್ಲಿ 'ಸುಸ್ಥಿರತೆ' ಎಂದಿತ್ತು.

"ಹಾಗಂದ್ರೆ ಎಂತ?" ಬಾಯಮ್ಮ ಕೇಳಿದರು.

"ಮುಂದೆಯೂ ಉಳಿಯುವ ಹಾಗೆ ಕೆಲಸ ಮಾಡುದು."

"ಉಳಿಯುದು ಯಾರು?"

ಬಾಯಮ್ಮ ಇದನ್ನೆಲ್ಲ ನಾಟಕ ಎಂದುಕೊಳ್ಳಲಿಲ್ಲ. ಇಷ್ಟು ದೂರದಿಂದ ಒಬ್ಬ ಬರುತ್ತಾನೆ, ನೋಡಲಿಕ್ಕೆಂದೇ ಬರುತ್ತಾನೆ, ನೋಡಿ ಬರೆಯುತ್ತಾನೆ ಎಂದು ನಂಬಿದರು. ಇಗರ್ಜಿಯಲ್ಲಿ ಪಾಪ ಒಪ್ಪಿಕೊಳ್ಳಲು ಹೋಗುವಾಗ ಉಡುವ ಸೀರೆಯನ್ನೇ ಇಸ್ತ್ರಿ ಮಾಡಿ ಉಟ್ಟುಕೊಂಡು ಬಂದರು.

ಆಡಿಟರ್ ಚಿಕ್ಕ ಪ್ರಾಯದವನು, ಮರ್ಯಾದಸ್ಥ, ಘಟ್ಟದ ಮೇಲಿನ ಕನ್ನಡ. ಬೆಳಿಗ್ಗೆ ಬಂದ, ಫೈಲು ನೋಡಿದ, ಕೈಗವಸು ನೋಡಿದ. ಹೊಗೆ ಒಳ್ಳೆಯ ಮಗುವಿನ ಹಾಗೆ ಪಡುವಣಕ್ಕೆ ಹೋಗುತ್ತಿತ್ತು. ಆಮೇಲೆ ಕೆಲಸದವರಲ್ಲಿ ನಾಲ್ಕು ಜನರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದ. ಮೂವರು ಹೇಳಿಕೊಟ್ಟದ್ದನ್ನು ಹೇಳಿದರು. ನಾನು ಹೆಸರು ಬರೆಯಲು ಪಕ್ಕದಲ್ಲಿದ್ದೆ. ಬಾಯಮ್ಮ ಕುರ್ಚಿಯ ತುದಿಯಲ್ಲಿ ಕೂತು, "ಸಾರ್, ನೀವು ಊಟಕ್ಕೆ ಮಂಗಳೂರಿಗೆ ಹೋಗ್ಬೇಡಿ. ಇಲ್ಲೇ ಗಂಜಿ ಉಂಟು. ಹೊಗೆಯ ಪೈಪು ಗಿಡ್ಡ ಉಂಟು, ಮೂರು ಗಂಟೆಗೆ ಒಮ್ಮೆ ನಮ್ಮ ಕೋಣೆಗೆ ಬನ್ನಿ" ಎಂದರು.

ಅವನು ನಿಂತ. ಅದನ್ನು ನಾನು ಹೇಳಲೇಬೇಕು, ಅವನು ನಿಂತ. ಗಾಳಿ ತಿರುಗಿತು. ಐದು ನಿಮಿಷದಲ್ಲಿ ಕಣ್ಣೊರೆಸುತ್ತ ಹೊರಗೆ ಬಂದು ಕೆಮ್ಮಿದ, ಮತ್ತೆ ಒಳಗೆ ಹೋಗಿ ಫೋಟೊ ತೆಗೆದ, ತುಂಬ ಹೊತ್ತು ಬರೆದ. ಆ ಸಂಜೆ ಬಾಯಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಿದರು. ಹತ್ತು ಅಡಿ ಏರಿಸಲು ಎಷ್ಟು ತಗಡು ಬೇಕು, ಯಾವ ವೆಲ್ಡರ್ ಒಳ್ಳೆಯವನು ಎಂದೆಲ್ಲ. ಅಷ್ಟು ಖುಷಿಯಲ್ಲಿ ನಾನು ಅವರನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ವರದಿ ಬಂತು. ಒಂದು ಗಂಭೀರ ಕೊರತೆ: 'ಉಸಿರಾಟದ ತೊಂದರೆಯಿರುವ ಕೆಲಸಗಾರರು ಹೊಗೆಗೆ ಒಡ್ಡಿಕೊಳ್ಳುತ್ತಿದ್ದಾರೆ.' ಮೂರು ತಿಂಗಳಲ್ಲಿ ಸರಿಪಡಿಸಿ, ದಾಖಲೆ ಕಳಿಸಬೇಕು. ಸಲಹೆಗಾರ ಆ ವಾಕ್ಯವನ್ನು ಎರಡು ಸಲ ಓದಿದ. ಕೊಳವೆ ಏರಿಸಬೇಕಾದರೆ ಶೆಡ್ಡಿನ ಮಾಡು ಬಿಚ್ಚಬೇಕು, ಕೆಲಸ ನಿಲ್ಲಿಸಬೇಕು, ಅನುಮತಿ ಬೇಕು. "ಅದೆಲ್ಲ ಯಾಕೆ?" ಎಂದ. "ಇಲ್ಲಿ ಕೊಳವೆ ಅಂತ ಬರೆದಿಲ್ಲ. ತೊಂದರೆ ಇರುವವರು ಹೊಗೆಯಲ್ಲಿ ಇರಬಾರದು, ಅಷ್ಟೇ."

ಒಬ್ಬ ಡಾಕ್ಟರನ್ನು ಕರೆಸಿ ಆರೋಗ್ಯ ತಪಾಸಣೆ ಮಾಡಿಸಿದರು. ಕೆಮ್ಮುವ ಏಳು ಹೆಂಗಸರನ್ನು ಅವರ ಆರೋಗ್ಯದ ಹಿತದೃಷ್ಟಿಯಿಂದ ಕೆಲಸದಿಂದ ಬಿಡಿಸಿದರು. ಧಣಿಗಳು ಕೆಟ್ಟವರಲ್ಲ, ಏಳು ಜನರಿಗೂ ಒಂದೊಂದು ಸೀರೆ ಕೊಟ್ಟು, ಕೈಮುಗಿದು ಕಳಿಸಿದರು. ಅವರು ಕೆಟ್ಟವರಾಗಿದ್ದರೆ ನನಗೆ ಬೈಯಲು ಯಾರಾದರೂ ಸಿಗುತ್ತಿದ್ದರು. ಉತ್ತರವನ್ನು ನಾನು ಟೈಪ್ ಮಾಡಿದೆ: 'ಉಸಿರಾಟದ ತೊಂದರೆಯಿರುವ ಯಾರೂ ಈಗ ಚಿಪ್ಪು ಒಡೆಯುವ ಕೋಣೆಯಲ್ಲಿಲ್ಲ. ಕೊರತೆ ನಿವಾರಣೆಯಾಗಿದೆ.' ಜೊತೆಗೆ ಏಳು ಹೆಸರುಗಳ ಪಟ್ಟಿ. ಮೇಸ್ತ್ರಿಯಾದ್ದರಿಂದ ಬಾಯಮ್ಮನ ಹೆಸರು ಮೊದಲು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೇಲ್ ಕಳಿಸಿದೆವು, ನೋಡಲು ಯಾರೂ ಮತ್ತೆ ಬರಲಿಲ್ಲ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಧಣಿಗಳ ಕುರ್ಚಿಯ ಹಿಂದೆ ತೂಗುಹಾಕಿದರು. ಆ ಆಡಿಟರ್‌ನ ವಿಳಾಸ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ, ಕೆಲಸ ಹೋಗುತ್ತದೆಂಬ ಹೆದರಿಕೆ.

ಕೆಲಸ ಹೋದ ವಾರ ಬಾಯಮ್ಮ ಕಂಪಣದ ಸಂದಿನಲ್ಲಿ ನಿಂತು ಕೇಳಿದರು, "ನಾನು ಹೇಳಿದ್ದು ಆ ಸಾರ್ ಬರೆದ ಕಾಗದದಲ್ಲಿ ಉಂಟಾ?"

"ಉಂಟು."

"ಇಡೀ?"

"ಇಡೀ ಉಂಟು ಬಾಯಮ್ಮ."

"ಹಾಗಾದ್ರೆ ಪೈಪು ಏರಿಸ್ತಾರೆ. ನನ್ನದು ಹೋದ್ರೆ ಹೋಗ್ಲಿ, ಉಳಿದವರು ಉಸಿರಾಡ್ಲಿ. ಯಾವಾಗ?"

"ಮಳೆ ಕಳೆದ ಮೇಲೆ" ಎಂದೆ.

ಅಲ್ಲಿಂದ ಪ್ರತಿ ವರ್ಷವೂ ಮಳೆ ಕಳೆದ ಮೇಲೆ ಅವರು ಕೇಳುತ್ತಿದ್ದರು. ನಾನು ಏನಾದರೊಂದು ಹೇಳುತ್ತಿದ್ದೆ. ವೆಲ್ಡರ್ ಸಿಗಲಿಲ್ಲ, ಅನುಮತಿ ಬರಲಿಲ್ಲ, ಬರುವ ವರ್ಷ ಖಂಡಿತ. ಅತ್ತ ವರ್ಷಕ್ಕೊಮ್ಮೆ ಸರ್ಟಿಫಿಕೇಟು ನವೀಕರಣವಾಗುತ್ತಿತ್ತು. ಆಡಿಟರುಗಳು ಬದಲಾದರು, ಎಲ್ಲರೂ ಬೆಳಿಗ್ಗೆಯೇ ಬಂದು ಊಟದ ಹೊತ್ತಿಗೆ ಹೊರಡುತ್ತಿದ್ದರು. ಮೂರು ಗಂಟೆಗೆ ಬನ್ನಿ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಹೇಳಿದರೆ ಏನಾಗುತ್ತದೆಂದು ಆ ಕೋಣೆಯ ಎಲ್ಲರೂ ಒಂದು ಸಲ ಕಂಡಿದ್ದರು. ಕೆಮ್ಮು ಬಂದರೆ ಹೆಂಗಸರು ಕಕ್ಕಸಿಗೆ ಓಡಿಹೋಗಿ ಕೆಮ್ಮಿ ಬರುತ್ತಿದ್ದರು.

ಬಾಯಮ್ಮ ಹಾಸಿಗೆ ಹಿಡಿದಾಗ ಗೇರು ಹೂ ಬಿಟ್ಟಿತ್ತು. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದೆ. ಎರಡು ಚಮಚಕ್ಕೇ ದಣಿದು, ಕಿಟಕಿಯ ಕಡೆ ಬೆರಳು ತೋರಿಸಿದರು. ಅಲ್ಲಿಂದ ಕಾರ್ಖಾನೆಯ ಕೊಳವೆ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ವರ್ಷ ಅವರ ಮನೆಗೆ ಬಂದುಹೋಗುವ ನಾನು ಆ ಕಿಟಕಿಯಿಂದ ಹೊರಗೆ ನೋಡಿಯೇ ಇರಲಿಲ್ಲ.

"ನನಗೆ ಗೊತ್ತುಂಟು ಮಾರಾಯ್ತಿ" ಎಂದರು, ಉಸಿರು ಎಳೆದು ಎಳೆದು. "ಅದು ಅಷ್ಟೇ ಉಂಟು. ದಿನಾ ಕಾಣ್ತದಲ್ಲ."

"ಮತ್ತೆ ವರ್ಷ ವರ್ಷ ಯಾಕೆ ಕೇಳ್ತಿದ್ರಿ?"

"ನೀನು ಒಮ್ಮೆ ಇಡೀ ಹೇಳ್ತಿ ಅಂತ."

ಚಮಚ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ವಾಪಸು ಬಂದಾಗ ಅವರು ಕಣ್ಣು ಮುಚ್ಚಿದ್ದರು, ನಿದ್ದೆಯೋ ಅಲ್ಲವೋ ತಿಳಿಯಲಿಲ್ಲ. ನಾಲ್ಕು ದಿನದ ಮೇಲೆ ತೀರಿಕೊಂಡರು.

ಹೂಳಲು ಸಿಮಿತ್ರಿಗೆ ಕೊಂಡುಹೋದದ್ದು ಮಧ್ಯಾಹ್ನ. ಧಣಿಗಳು ಹೂವಿನ ಚಕ್ರ ಕಳಿಸಿದ್ದರು. ಕಾರ್ಖಾನೆಗೆ ರಜೆ ಇರಲಿಲ್ಲ. ಪಾದ್ರಿಗಳು ಪ್ರಾರ್ಥನೆ ಹೇಳುತ್ತಿದ್ದಂತೆ ಗಾಳಿ ತಿರುಗಿತು, ಬೀಜ ಹುರಿಯುವ ಹೊಗೆ ಗುಂಡಿಯ ತನಕ ಬಂತು. ಕೋಣೆಯಿಂದ ಒಂದು ಗಂಟೆಯ ಅನುಮತಿ ಕೇಳಿ ಬಂದಿದ್ದ ಹೆಂಗಸರೆಲ್ಲ ಒಟ್ಟಿಗೆ ಸೆರಗನ್ನು ಮೂಗಿಗೆ ಏರಿಸಿದರು. ನಾನೂ ಏರಿಸಿದೆ.

ಈಗಲೂ ವರ್ಷಕ್ಕೊಮ್ಮೆ ಆ ಫೈಲು ನನ್ನ ಮೇಜಿಗೆ ಬರುತ್ತದೆ. 'ಹಿಂದಿನ ಕೊರತೆ' ಎಂಬಲ್ಲಿ 'ನಿವಾರಣೆಯಾಗಿದೆ' ಎಂದು ತುಂಬಿಸಿ ಕೊಡುತ್ತೇನೆ. ಕೇಳುವವರಿಲ್ಲದ ಮೇಲೆ ಹೇಳುವುದು ಸುಲಭ, ಆದರೂ ಹೇಳುತ್ತೇನೆ ಬಾಯಮ್ಮ. ನೀವು ಹೇಳಿದ್ದು ಆ ಕಾಗದದಲ್ಲಿ ಇಡೀ ಇರಲಿಲ್ಲ. ಕೊಳವೆಯ ಮಾತೇ ಇರಲಿಲ್ಲ. ಅದನ್ನು ಒಂದಡಿಯೂ ಏರಿಸಲಿಲ್ಲ, ಇನ್ನು ಏರಿಸುವುದೂ ಇಲ್ಲ. ಏಳು ಹೆಸರಿನ ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮೊದಲು ಟೈಪ್ ಮಾಡಿದವಳು ನಾನೇ.